ವೋಲ್ಟೇಜ್ ಒಂದು ಕಡೆ ಇರುವುದಿಲ್ಲ, ಎರಡರ ನಡುವೆ ಇರುತ್ತದೆ

ಮಳೆಗಾಲದ ಗಾಳಿಗೆ ಕೊಂಬೆ ಮುರಿದು ಬಿದ್ದು ಬೀದಿಯ ನ್ಯೂಟ್ರಲ್ ತಂತಿ (ಕರೆಂಟ್ ವಾಪಸಾಗುವ ತಂತಿ) ಕಡಿದುಹೋಗುತ್ತದೆ. ಒಂದು ಮನೆಯ ಟಿವಿಯಿಂದ ಹೊಗೆ ಬರುತ್ತದೆ, ಪಕ್ಕದ ಮನೆಯಲ್ಲಿ ಅದೇ ಹೊತ್ತಿಗೆ ಗೀಸರ್ ಬಿಸಿಯೇ ಆಗುವುದಿಲ್ಲ. ಬೇಸಿಗೆಯಲ್ಲಿ ಬೋರ್‌ವೆಲ್ ಮೋಟರ್ ಗುಂಯ್ ಅನ್ನುತ್ತದೆ, ತಿರುಗುವುದಿಲ್ಲ. ಇನ್ನೆಲ್ಲೋ ಪ್ಲಗ್ಗಿನ ಎರಡೂ ತೂತಿನಲ್ಲಿ ಟೆಸ್ಟರ್ ಹತ್ತುತ್ತದೆ, ಆದರೆ ಫ್ಯಾನ್ ಓಡುವುದಿಲ್ಲ. ಎಲ್ಲಕ್ಕೂ ನಾವು ಇಡುವ ಹೆಸರು ಒಂದೇ: ‘ವೋಲ್ಟೇಜ್ ಪ್ರಾಬ್ಲಂ’. ಕಾರಣಗಳು ಬೇರೆ ಬೇರೆ. ಆದರೆ ಒಂದು ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡರೆ ಇವೆಲ್ಲವೂ ಬಿಡಿಸಿಕೊಳ್ಳುತ್ತವೆ. ವೋಲ್ಟೇಜ್ ಯಾವಾಗಲೂ ಎರಡು ಬಿಂದುಗಳ ನಡುವಿನ ಲೆಕ್ಕ, ಒಂದೇ ತಂತಿಯಲ್ಲಿ ‘ಇರುವ’ ವಸ್ತುವಲ್ಲ.

ವೋಲ್ಟ್ ಎಂದರೆ ಎಷ್ಟು?

ತಂತಿಯೊಳಗೆ ಓಡಾಡುವುದು ಎಲೆಕ್ಟ್ರಾನುಗಳ ಚಾರ್ಜ್. ಅದನ್ನು ಅಳೆಯುವ ಮಾನ ಕೂಲಂಬ್. ಸುಮಾರು 62 ಲಕ್ಷ ಕೋಟಿಯ ಒಂದು ಲಕ್ಷ ಪಟ್ಟು ಎಲೆಕ್ಟ್ರಾನುಗಳು ಸೇರಿದರೆ ಒಂ‍ದು ಕೂಲಂಬ್ ಆಗುತ್ತ‍ದೆ. ಸೆಕೆಂಡಿಗೆ ಒಂದು ಕೂಲಂಬ್ ಹರಿದರೆ ಅದು 1 ಆಂಪಿಯರ್ ಕರೆಂಟ್. ಹೀಗೆ ಹರಿಯುವ ಪ್ರತಿ ಕೂಲಂಬ್ ಒಂದು ಬಿಂದುವಿನಿಂದ ಇನ್ನೊಂದಕ್ಕೆ ಹೋಗುವಾಗ ಎಷ್ಟು ಶಕ್ತಿ ಬಿಟ್ಟುಕೊಡುತ್ತದೋ ಅದೇ ಆ ಎರಡು ಬಿಂದುಗಳ ನಡುವಿನ ವೋಲ್ಟೇಜ್. ಕೂಲಂಬಿಗೆ 1 ಜೂಲ್ ಅಂದರೆ 1 ವೋಲ್ಟ್. ಸೀಲಿಂಗ್ ಫ್ಯಾನಿನಲ್ಲಿ ಪ್ರತಿ ಕೂಲಂಬಿಗೆ 230 ಜೂಲ್ ಕೆಲಸ ಸಿಗುತ್ತದೆ, ಟಾರ್ಚಿನ ಒಂದು ಸೆಲ್‌ನಿಂದ ಒಂದೂವರೆ ಜೂಲ್.

ತಾರಸಿಯ ಮೇಲಿನ ನೀರಿನ ಟ್ಯಾಂಕನ್ನು ನೆನೆಸಿಕೊಳ್ಳಿ. ಟ್ಯಾಂಕಿಗೂ ನಲ್ಲಿಗೂ ಇರುವ ಎತ್ತರದ ಅಂತರ ವೋಲ್ಟೇಜಿನ ಹಾಗೆ, ಹರಿಯುವ ನೀರು ಕರೆಂಟಿನ ಹಾಗೆ, ಪೈಪಿನ ಇಕ್ಕಟ್ಟು ರೋಧದ, ಅಂದರೆ ಕರೆಂಟಿಗೆ ಆಗುವ ತಡೆಯ ಹಾಗೆ. ನಲ್ಲಿ ತಿರುಗಿಸದೆ ಇದ್ದರೂ ಎತ್ತರದ ಅಂತರ ಎಲ್ಲಿಗೂ ಹೋಗುವುದಿಲ್ಲ. ಹಾಗೆಯೇ ಏನನ್ನೂ ಸಿಕ್ಕಿಸದ ಪ್ಲಗ್ಗಿನಲ್ಲೂ ವೋಲ್ಟೇಜ್ ಕಾದು ಕೂತಿರುತ್ತದೆ, ಕರೆಂಟ್ ಮಾತ್ರ ಸೊನ್ನೆ. ಹೋಲಿಕೆ ಕೆಲಸಕ್ಕೆ ಬರುವುದು ಇಲ್ಲಿಯವರೆಗೆ ಮಾತ್ರ. ಪೈಪು ಕತ್ತರಿಸಿದರೆ ನೀರು ಹೊರಗೆ ಸುರಿಯುತ್ತದೆ, ತಂತಿ ಕತ್ತರಿಸಿದರೆ ಕರೆಂಟ್ ನಿಂತುಬಿಡುತ್ತದೆ. ಹೊರಟ ಕಡೆಗೇ ಮರಳುವ ದಾರಿ ಇಲ್ಲದೆ ಅದು ಹರಿಯುವುದಿಲ್ಲ.

ಮೂರನ್ನೂ ಜೋಡಿಸುವ ಲೆಕ್ಕವನ್ನು ಜಾರ್ಜ್ ಓಮ್ 1827ರಲ್ಲಿ ಪ್ರಕಟಿಸಿದ. ವೋಲ್ಟೇಜ್ = ಕರೆಂಟ್ × ರೋಧ. ರೋಧವನ್ನು ಅಳೆಯುವ ಮಾನಕ್ಕೂ ಅವನದೇ ಹೆಸರು, ಓಮ್. ಮುಂದೆ ಬರುವುದೆಲ್ಲ ಈ ಒಂದು ಗುಣಾಕಾರ ಮತ್ತು ಒಂದು ಕೂಡುವ ಲೆಕ್ಕ.

ಸೊನ್ನೆ ಎಲ್ಲಿದೆ?

ಎತ್ತರವನ್ನು ನೆಲದಿಂದ ಅಳೆದ ಹಾಗೆ, ಸರ್ಕ್ಯೂಟಿನಲ್ಲಿ ಯಾವುದೋ ಒಂದು ಬಿಂದುವನ್ನು ಸೊನ್ನೆ ಎಂದು ನಾವೇ ಒಪ್ಪಿಕೊಳ್ಳುತ್ತೇವೆ. ಬ್ಯಾಟರಿ ಸರ್ಕ್ಯೂಟಿನಲ್ಲಿ ಅದು ಸಾಮಾನ್ಯವಾಗಿ ಮೈನಸ್ ತುದಿ. ಊರಿನ ವಿದ್ಯುತ್ ಜಾಲದಲ್ಲಿ ಟಿಸಿ, ಅಂದರೆ ಬೀದಿಯ ಟ್ರಾನ್ಸ್‌ಫಾರ್ಮರ್ ಬಳಿ, ನ್ಯೂಟ್ರಲ್ ಅನ್ನು ಭೂಮಿಗೆ ಜೋಡಿಸಿರುತ್ತಾರೆ. ಹಾಗಾಗಿ ಅಲ್ಲಿ ಭೂಮಿಯೇ ಸೊನ್ನೆ. ಒಂದೇ ತಂತಿಯ ಮೇಲೆ ಕೂತ ಕಾಗೆಗೆ ಏನೂ ಆಗದಿರುವುದು ಇದರಿಂದಲೇ. ಅದರ ಎರಡು ಕಾಲುಗಳ ನಡುವೆ ಇರುವುದು ಅಂಗೈಯಷ್ಟು ತಂತಿ, ಆ ತುಣುಕಿನ ಎರಡು ತುದಿಗಳ ನಡುವೆ ವೋಲ್ಟೇಜ್ ಇಲ್ಲವೆನ್ನುವಷ್ಟು ಕಡಿಮೆ. ರೆಕ್ಕೆ ಪಕ್ಕದ ತಂತಿಗೆ ತಗುಲಿದರೆ ಕಥೆ ಬೇರೆ. ನೆಲದ ಮೇಲೆ ನಿಂತು ಫೇಸ್ (ಕರೆಂಟ್ ತರುವ ತಂತಿ) ಮುಟ್ಟುವ ಮನುಷ್ಯನ ಕೈ ಒಂದು ಬಿಂದು, ಕಾಲು ಇನ್ನೊಂದು; ನಡುವೆ ಪೂರಾ 230.

ಮೇಜಿನ ಮೇಲೆ ನೋಡಿ ತಿಳಿಯುವುದು

ಬೇಕಾದ ಸಾಮಾನು: 9 ವೋಲ್ಟಿನ ಚೌಕ ಬ್ಯಾಟರಿ, ಅದರ ಕ್ಲಿಪ್, ಕೆಂಪು ಎಲ್‌ಇಡಿ, 470 ಓಮ್ ರೆಸಿಸ್ಟರ್ (ಪಟ್ಟಿಗಳು ಹಳದಿ, ನೇರಳೆ, ಕಂದು), ಒಂದು ಡಿಜಿಟಲ್ ಮಲ್ಟಿಮೀಟರ್. ಬ್ಯಾಟರಿಯ ಪ್ಲಸ್‌ನಿಂದ ರೆಸಿಸ್ಟರ್, ಅದರ ಇನ್ನೊಂದು ತುದಿಗೆ ಎಲ್‌ಇಡಿಯ ಉದ್ದನೆ ಕಾಲು, ಗಿಡ್ಡ ಕಾಲಿನಿಂದ ಬ್ಯಾಟರಿಯ ಮೈನಸ್. ದೀಪ ಹತ್ತುತ್ತದೆ.

ಮೀಟರಿನ ಕಪ್ಪು ತಂತಿಯನ್ನು ‘ಕಾಮನ್’ ತೂತಿಗೆ, ಕೆಂಪನ್ನು ವೋಲ್ಟ್ ತೂತಿಗೆ ಹಾಕಿ, ಗುಂಡಿಯನ್ನು ಡಿಸಿ (ಬ್ಯಾಟರಿಯಂತೆ ಒಂದೇ ದಿಕ್ಕಿನ ಕರೆಂಟ್) 20 ವೋಲ್ಟಿಗೆ ತಿರುಗಿಸಿ. ಬ್ಯಾಟರಿಯ ಎರಡು ತುದಿಗಳ ನಡುವೆ 9ರ ಆಸುಪಾಸು, ಎಲ್‌ಇಡಿಯ ಎರಡು ಕಾಲುಗಳ ನಡುವೆ ಸುಮಾರು 2, ರೆಸಿಸ್ಟರಿನ ಎರಡು ತುದಿಗಳ ನಡುವೆ ಸುಮಾರು 7 ವೋಲ್ಟ್ ಬರುತ್ತದೆ. 2 ಮತ್ತು 7 ಕೂಡಿದರೆ 9. ಸರ್ಕ್ಯೂಟ್ ಎಷ್ಟೇ ದೊಡ್ಡದಿರಲಿ, ಒಂದು ಸುತ್ತು ಹಾಕಿ ಬಂದಾಗ ಮೂಲ ಕೊಟ್ಟಷ್ಟೂ ವೋಲ್ಟ್ ದಾರಿಯಲ್ಲಿ ಖರ್ಚಾಗಿರಲೇಬೇಕು, ಒಂದಿಷ್ಟೂ ಉಳಿಯುವಂತಿಲ್ಲ. 1845ರಲ್ಲಿ ಕಿರ್ಕಾಫ್ ಹೇಳಿದ ನಿಯಮ ಇದೇ. ನಾನು ಮೇಲೆ ಹೇಳಿದ ಕೂಡುವ ಲೆಕ್ಕವೂ ಇದೇ.

ಕರೆಂಟನ್ನು ಅಳೆಯದೆಯೇ ತಿಳಿಯಬಹುದು. ರೆಸಿಸ್ಟರಿನ 7 ವೋಲ್ಟನ್ನು 470 ಓಮ್‌ನಿಂದ ಭಾಗಿಸಿದರೆ 0.015 ಆಂಪಿಯರ್, ಅಂದರೆ 15 ಮಿಲಿಆಂಪಿಯರ್. ಸಾಲಾಗಿ ಜೋಡಿಸಿರುವುದರಿಂದ ಎಲ್‌ಇಡಿಯಲ್ಲಿ ಹರಿಯುವುದೂ ಅಷ್ಟೇ. ಕೆಂಪು ಎಲ್‌ಇಡಿ ಸಾಮಾನ್ಯವಾಗಿ ತಡೆಯುವುದು 20 ಮಿಲಿಆಂಪಿಯರ್, ಹಾಗಾಗಿ ಚಿಂತೆಯಿಲ್ಲ. ರೆಸಿಸ್ಟರ್ ಬಿಟ್ಟು ನೇರವಾಗಿ 9 ವೋಲ್ಟಿಗೆ ಹಚ್ಚಿದರೆ? ಎಲ್‌ಇಡಿ ತನ್ನ 2 ವೋಲ್ಟಿನ ಆಸುಪಾಸಿನಲ್ಲೇ ಉಳಿಯಲು ನೋಡುತ್ತದೆ, ಮಿಕ್ಕ 7 ವೋಲ್ಟ್ ಇಳಿಯಲು ಬ್ಯಾಟರಿಯ ಒಳಗಿನ ಅಲ್ಪ ರೋಧ ಬಿಟ್ಟರೆ ಬೇರೆ ಜಾಗವಿಲ್ಲ. ಕರೆಂಟ್ ಹತ್ತಾರು ಪಟ್ಟು ಏರಿ, ಒಮ್ಮೆ ಝಗ್ಗೆಂದು ಎಲ್‌ಇಡಿ ಸತ್ತುಹೋಗುತ್ತದೆ.

ಈಗ ಎಲ್‌ಇಡಿಯನ್ನು ತಿರುಗಿಸಿ ಹಾಕಿ. ದೀಪ ಹತ್ತುವುದಿಲ್ಲ. ರೆಸಿಸ್ಟರಿನ ಮೇಲೆ ಅಳೆದರೆ ಸೊನ್ನೆ, ಎಲ್‌ಇಡಿಯ ಮೇಲೆ ಪೂರ್ತಿ 9! ಕರೆಂಟ್ ಇಲ್ಲದಿದ್ದರೆ ಓಮ್‌ನ ಗುಣಾಕಾರದ ಪ್ರಕಾರ ರೆಸಿಸ್ಟರಿನಲ್ಲಿ ಇಳಿಯಲು ಏನೂ ಇಲ್ಲ. ಹಾಗಾಗಿ ಅಷ್ಟೂ ವೋಲ್ಟ್ ದಾರಿ ಮುಚ್ಚಿದ ಜಾಗದಲ್ಲಿ ಹೋಗಿ ನಿಲ್ಲುತ್ತದೆ. (ಹೀಗೆ ಬಹಳ ಹೊತ್ತು ಬಿಡಬೇಡಿ. ಸಾಮಾನ್ಯ ಎಲ್‌ಇಡಿ ಉಲ್ಟಾ ದಿಕ್ಕಿನಲ್ಲಿ 5 ವೋಲ್ಟಿಗಿಂತ ಹೆಚ್ಚು ತಡೆಯುವ ಭರವಸೆ ತಯಾರಕರು ಕೊಡುವುದಿಲ್ಲ.)

ಕಡಿದ ಜಾಗದಲ್ಲೇ ಪೂರ್ತಿ ವೋಲ್ಟೇಜ್

ಇದು ಮೇಜಿನ ಮೇಲಿನ ಆಟವಷ್ಟೇ ಅಲ್ಲ. ಗಣೇಶನ ಪೆಂಡಾಲಿಗೆ ಹಾಕುತ್ತಿದ್ದ ಹಳೆಯ ಸೀರಿಯಲ್ ಸೆಟ್ಟಿನಲ್ಲಿ 6 ವೋಲ್ಟಿನ ಪುಟ್ಟ ಬಲ್ಬುಗಳನ್ನು ಸಾಲಾಗಿ ಪೋಣಿಸಿ 230 ವೋಲ್ಟಿಗೆ ಕೊಡುತ್ತಿದ್ದರು. 40 ಬಲ್ಬಿದ್ದರೆ ಒಂದೊಂದಕ್ಕೆ ಆರಕ್ಕಿಂತ ತುಸು ಕಡಿಮೆ. ಒಂದು ಬಲ್ಬ್ ಹೋದರೆ ಇಡೀ ಸಾಲು ಕತ್ತಲು. ಹುಡುಗರು ‘6 ವೋಲ್ಟ್ ತಾನೇ’ ಎಂದು ಬೆರಳು ಹಾಕುವುದು ಸರಿಯಾಗಿ ಆ ಸತ್ತ ಬಲ್ಬಿನ ಜಾಗಕ್ಕೆ. ಆದರೆ ಕರೆಂಟ್ ನಿಂತ ಕ್ಷಣವೇ ಉಳಿದ 39 ಬಲ್ಬುಗಳಲ್ಲಿ ಇಳಿತ ಸೊನ್ನೆಯಾಗಿ, ಆ ಒಂದು ಜಾಗದ ಎರಡು ತಂತಿಗಳ ನಡುವೆ ಪೂರಾ 230 ಬಂದು ನಿಂತಿರುತ್ತದೆ.

ಗೋಡೆಯ ಸ್ವಿಚ್ಚೂ ಹೀಗೆಯೇ. ಆಫ್ ಇರುವಾಗ ಅದರ ಎರಡು ಸ್ಕ್ರೂಗಳ ನಡುವೆ 230, ಆನ್ ಆದಾಗ ಸೊನ್ನೆ. ಎಲೆಕ್ಟ್ರಿಷಿಯನ್ನರಿಗೆ ಇದು ದೊಡ್ಡ ಆಯುಧ. ಆನ್ ಇರುವ ಸ್ವಿಚ್ಚಿನ ಎರಡು ತುದಿಗಳ ನಡುವೆ 15 ವೋಲ್ಟ್ ತೋರಿಸಿದರೆ ಒಳಗಿನ ಕಾಂಟ್ಯಾಕ್ಟ್ ಸುಟ್ಟಿದೆ ಎಂದೇ ಲೆಕ್ಕ. ಅದರಲ್ಲಿ 7 ಆಂಪಿಯರ್ ಹರಿಯುತ್ತಿದ್ದರೆ 15ನ್ನು 7ರಿಂದ ಗುಣಿಸಿ: 105 ವ್ಯಾಟ್ ಶಾಖ, ಬೆರಳಿನ ತುದಿಯಷ್ಟು ಜಾಗದಲ್ಲಿ. ಸ್ವಿಚ್ ಬೋರ್ಡ್ ಕಂದು ಬಣ್ಣಕ್ಕೆ ತಿರುಗಿ ಸುಟ್ಟ ವಾಸನೆ ಬರುವುದು ಹೀಗೆ. ಸಡಿಲವಾದ ಸ್ಕ್ರೂ, ಟೇಪು ಸುತ್ತಿ ಬಿಟ್ಟ ಗಂಟು, ಎಲ್ಲದರ ಕಥೆಯೂ ಇದೇ. ಕರೆಂಟ್ ಮಿತಿ ಮೀರಿದರೆ ತಾನಾಗಿ ಬೀಳುವ ಸ್ವಿಚ್ಚಾದ ಎಂಸಿಬಿಗೆ ಇದು ತಿಳಿಯುವುದಿಲ್ಲ, ಯಾಕೆಂದರೆ ಕರೆಂಟ್ ಮಿತಿಯೊಳಗೇ ಇದೆ.

12 ವೋಲ್ಟ್ ತೋರಿಸುವ ಸತ್ತ ಬ್ಯಾಟರಿ

ಕಾರಿನ ಬ್ಯಾಟರಿಯಲ್ಲಿ ಸುಮಾರು 2.1 ವೋಲ್ಟಿನ 6 ಸೆಲ್‌ಗಳಿರುತ್ತವೆ. ಪೂರ್ತಿ ಚಾರ್ಜ್ ಆಗಿ ಸ್ವಲ್ಪ ಹೊತ್ತು ಸುಮ್ಮನೆ ಬಿಟ್ಟರೆ 12.6ರ ಸುಮಾರಿಗೆ ನಿಲ್ಲುತ್ತದೆ. ಹಳೆಯ ಬ್ಯಾಟರಿಯೂ ಮೀಟರಿಗೆ 12.4 ತೋರಿಸಬಹುದು, ಆದರೂ ಗಾಡಿ ಸ್ಟಾರ್ಟ್ ಆಗುವುದಿಲ್ಲ. ಮೀಟರ್ ಎಳೆಯುವ ಕರೆಂಟ್ ಇಲ್ಲವೆನ್ನುವಷ್ಟು ಕಡಿಮೆ, ಹಾಗಾಗಿ ಬ್ಯಾಟರಿಯ ಒಳಗಿನ ರೋಧದಲ್ಲಿ ಏನೂ ಇಳಿಯುವುದಿಲ್ಲ. ಸ್ಟಾರ್ಟರ್ 150 ಆಂಪಿಯರ್ ಕೇಳಿತೆನ್ನಿ. ಒಳ ರೋಧ 0.005 ಓಮ್ ಇದ್ದರೆ ಒಳಗೆ ಇಳಿಯುವುದು 0.75 ವೋಲ್ಟ್, ಹೊರಗೆ ಹನ್ನೊಂದೂವರೆಗಿಂತ ಹೆಚ್ಚೇ ಸಿಗುತ್ತದೆ. ಸಲ್ಫೇಟ್ ಕಟ್ಟಿ ಆ ರೋಧ 0.03 ಆಗಿದ್ದರೆ ಒಳಗೇ 4.5 ವೋಲ್ಟ್ ಹೋಗಿ ಹೊರಗೆ 8 ಕೂಡ ಉಳಿಯುವುದಿಲ್ಲ. ಆದ್ದರಿಂದ ಬ್ಯಾಟರಿಯನ್ನು ಅಳೆಯಬೇಕಾದದ್ದು ಹೊರೆ ಹಾಕಿದಾಗ. ಇನ್ನೊಬ್ಬರು ಸ್ಟಾರ್ಟ್ ಮಾಡುತ್ತಿರುವಾಗ ಟರ್ಮಿನಲ್‌ಗಳ ನಡುವೆ ಅಳೆಯಿರಿ. ಸೀಸದ ಬುಡಕ್ಕೆ ಒಮ್ಮೆ, ಕೇಬಲ್ ಕ್ಲ್ಯಾಂಪಿಗೆ ಒಮ್ಮೆ ತಾಗಿಸಿ ನೋಡಿ. ಎರಡರಲ್ಲಿ ದೊಡ್ಡ ವ್ಯತ್ಯಾಸ ಬಂದರೆ ತಪ್ಪು ಬ್ಯಾಟರಿಯದಲ್ಲ, ಅವೆರಡರ ನಡುವೆ ಕಟ್ಟಿರುವ ಕಿಲುಬಿನದು.

ಮನೆಯ 230, ಬೀದಿಯ 400

ಮನೆಗೆ ಬರುವುದು ಎಸಿ. ಫೇಸ್ ತಂತಿ ನ್ಯೂಟ್ರಲ್‌ಗೆ ಹೋಲಿಸಿದರೆ ಸೆಕೆಂಡಿಗೆ 50 ಸಲ ಪ್ಲಸ್ಸಿಗೂ ಮೈನಸ್ಸಿಗೂ ತೂಗಾಡುತ್ತದೆ. ತುತ್ತತುದಿಯಲ್ಲಿ ಅದು 325 ವೋಲ್ಟ್ ಮುಟ್ಟುತ್ತದೆ. 230 ಎನ್ನುವುದು ಅಷ್ಟೇ ಶಾಖ ಕೊಡುವ ಡಿಸಿಗೆ ಸಮನಾದ ಸಂಖ್ಯೆ. ಟಿಸಿ 11,000 ವೋಲ್ಟನ್ನು ಇಳಿಸಿ ಮೂರು ಫೇಸ್ ಮತ್ತು ಒಂದು ನ್ಯೂಟ್ರಲ್ ಕೊಡುತ್ತದೆ. ಯಾವುದೇ ಫೇಸಿಗೂ ನ್ಯೂಟ್ರಲ್‌ಗೂ ನಡುವೆ 230. ಫೇಸುಗಳ ತೂಗಾಟ ಒಂದಕ್ಕೊಂದು ಹಿಂದೆ ಮುಂದೆ ಇರುವುದರಿಂದ ಎರಡು ಫೇಸುಗಳ ನಡುವೆ ಅದರ 1.732 ಪಟ್ಟು, ಅಂದರೆ ಸುಮಾರು 400.

ಒಂದು ಮನೆ ಒಂದು ಫೇಸಿನಲ್ಲಿ, ಪಕ್ಕದ ಮನೆ ಇನ್ನೊಂದರಲ್ಲಿ. ಎರಡಕ್ಕೂ ನ್ಯೂಟ್ರಲ್ ಒಂದೇ. ಈ ನ್ಯೂಟ್ರಲ್ ಟಿಸಿಯ ಕಡೆ ಕಡಿದುಹೋದರೆ ಎರಡು ಮನೆಗಳ ಉಪಕರಣಗಳು ಸಾಲಾಗಿ ಜೋಡಿಸಿಕೊಂಡು, 400 ವೋಲ್ಟನ್ನು ತಮ್ಮೊಳಗೆ ಹಂಚಿಕೊಳ್ಳುತ್ತವೆ. ಒಂದರಲ್ಲಿ 2,000 ವ್ಯಾಟ್ ಗೀಸರ್, ರೋಧ ಸುಮಾರು 26.5 ಓಮ್. ಇನ್ನೊಂದರಲ್ಲಿ ಒಟ್ಟು 100 ವ್ಯಾಟಿನ ಟಿವಿ ಮತ್ತು ದೀಪ, ಅಂದಾಜು 529 ಓಮ್. ಸಾಲಿನಲ್ಲಿ ಹೆಚ್ಚು ರೋಧ ಇದ್ದ ಕಡೆ ಹೆಚ್ಚು ವೋಲ್ಟ್: ಗೀಸರಿಗೆ 19, ಟಿವಿಗೆ 381. ಟಿವಿ ನಿಜಕ್ಕೂ ಇಷ್ಟು ಸರಳ ರೆಸಿಸ್ಟರ್ ಅಲ್ಲ, ಆದರೆ ಯಾವ ಮನೆ ಸುಡುತ್ತದೆ ಎಂದು ತಿಳಿಯಲು ಈ ಲೆಕ್ಕ ಸಾಕು. ಸುಡುವುದು ಕಡಿಮೆ ಹೊರೆಯ ಮನೆ. ಹರಿಯುವ ಕರೆಂಟ್ ಮುಕ್ಕಾಲು ಆಂಪಿಯರೂ ಇಲ್ಲದ ಕಾರಣ ಎಂಸಿಬಿ ಬೀಳುವುದಿಲ್ಲ. ಸೋರಿಕೆ ಹಿಡಿಯುವ ಆರ್‌ಸಿಸಿಬಿಯೂ ಬೀಳುವುದಿಲ್ಲ, ಏಕೆಂದರೆ ಹೋದಷ್ಟು ಕರೆಂಟ್ ನ್ಯೂಟ್ರಲ್‌ನಲ್ಲೇ ವಾಪಸಾಗುತ್ತಿದೆ. ಇಲ್ಲಿ ಕಾಯುವುದು ಹೆಚ್ಚು ವೋಲ್ಟೇಜ್ ಕಂಡೊಡನೆ ಕಡಿಯುವ ಪ್ರೊಟೆಕ್ಟರ್ ಮಾತ್ರ. ಅದಿಲ್ಲದಿದ್ದರೆ, ದೀಪಗಳು ಇದ್ದಕ್ಕಿದ್ದಂತೆ ಕಣ್ಣು ಕುಕ್ಕುವಷ್ಟು ಬೆಳಗಿದ ಕೂಡಲೇ ಮೇನ್ ಸ್ವಿಚ್ ಇಳಿಸಿ ವಿದ್ಯುತ್ ದೂರಿನ ಸಂಖ್ಯೆ 1912ಕ್ಕೆ ಕರೆ ಮಾಡಬೇಕು.

ನ್ಯೂಟ್ರಲ್ ನಿಮ್ಮ ಮನೆಯೊಳಗೇ ಕಡಿದಿದ್ದರೆ ಪರಿಣಾಮ ಬೇರೆ. ಯಾವುದೋ ಬಲ್ಬಿನ ಮೂಲಕ ಫೇಸ್ ಆಚೆ ದಾಟಿ, ಕಡಿದ ನ್ಯೂಟ್ರಲ್ ತುಂಡೂ ಭೂಮಿಗೆ ಹೋಲಿಸಿದರೆ 230 ಆಗುತ್ತದೆ. ಟೆಸ್ಟರ್ ಎರಡೂ ತೂತಿನಲ್ಲಿ ಹತ್ತುತ್ತದೆ. ಎರಡು ತೂತುಗಳ ನಡುವೆ ಮೀಟರ್ ಹಿಡಿದರೆ ಸೊನ್ನೆ. ಫ್ಯಾನಿಗೆ ಬೇಕಿರುವುದು ಆ ನಡುವಿನ ಅಂತರ, ಹಾಗಾಗಿ ಅದು ಓಡುವುದಿಲ್ಲ. ನಿಮ್ಮ ಕೈಗೆ ಮಾತ್ರ ಎರಡೂ ತೂತು ಅಪಾಯವೇ.

ದೂರದ ಮೋಟರಿಗೆ ಸಣ್ಣ ಕೇಬಲ್

ಹೆಚ್ಚು ದುಡ್ಡು ಸುಡುವುದು ಇಲ್ಲಿ. ಮೇನ್ ಬೋರ್ಡಿನಿಂದ 100 ಮೀಟರ್ ದೂರದಲ್ಲಿ 1 ಎಚ್‌ಪಿ ಸಿಂಗಲ್ ಫೇಸ್ ಮೋಟರ್, ಓಡುವಾಗ 7 ಆಂಪಿಯರ್ ಎಳೆಯುತ್ತದೆ ಎಂದಿಟ್ಟುಕೊಳ್ಳಿ. ಕಾಸು ಉಳಿಸಲು ಒಂದೂವರೆ ಚದರ ಮಿಲಿಮೀಟರಿನ ತಾಮ್ರದ ಕೇಬಲ್ ಎಳೆದಿದ್ದಾರೆ. ಅದರ ರೋಧ ಕಿಲೋಮೀಟರಿಗೆ 12.1 ಓಮ್. ಹೋಗಲು 100, ಬರಲು 100 ಮೀಟರ್. ಈ ಬರುವ ದಾರಿಯನ್ನು ಬಹಳ ಜನ ಲೆಕ್ಕಕ್ಕೇ ಹಿಡಿಯುವುದಿಲ್ಲ. 200 ಮೀಟರಿಗೆ 2.42 ಓಮ್. 7 ಆಂಪಿಯರಿಗೆ ಇಳಿತ 17 ವೋಲ್ಟ್, ಮೋಟರಿಗೆ 213 ಉಳಿಯಿತು. ಪರವಾಗಿಲ್ಲ ಅನ್ನಿಸುತ್ತದೆ.

ತೊಂದರೆ ಇರುವುದು ಸ್ಟಾರ್ಟ್ ಆಗುವ ಕ್ಷಣದಲ್ಲಿ. ನಿಂತ ಮೋಟರ್ ಓಡುವಾಗಿನ ಐದಾರು ಪಟ್ಟು ಕರೆಂಟ್ ಕೇಳುತ್ತದೆ. ಐದು ಪಟ್ಟು ಎಂದರೆ 35 ಆಂಪಿಯರ್, ಅಂದರೆ ಆ ಕ್ಷಣಕ್ಕೆ ಮೋಟರ್ ಸುಮಾರು 6.6 ಓಮ್‌ನ ವಸ್ತು. ಅದು ಕೇಬಲ್ಲಿನ 2.42 ಓಮ್ ಜೊತೆ ಸಾಲಿನಲ್ಲಿ ನಿಂತು 230ನ್ನು ಹಂಚಿಕೊಂಡರೆ ಮೋಟರಿನ ಪಾಲಿಗೆ 168. ತಿರುಗಿಸುವ ಬಲ ವೋಲ್ಟೇಜಿನ ವರ್ಗದಂತೆ ಇಳಿಯುವುದರಿಂದ ಸಿಗುವುದು ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಬಲ. (ಎಸಿಯಲ್ಲಿ ಮೋಟರಿನ ಕರೆಂಟ್ ವೋಲ್ಟೇಜಿಗಿಂತ ಹಿಂದೆ ಬೀಳುವುದರಿಂದ ನಿಜವಾದ ಇಳಿತ ಇದಕ್ಕಿಂತ ಸ್ವಲ್ಪ ಕಡಿಮೆ.) ಸಂಜೆ ಲೈನಿನಲ್ಲೇ 200 ಇದ್ದರೆ ಮೋಟರ್ ಏಳುವುದೇ ಇಲ್ಲ. ಗುಂಯ್‌ಗುಡುತ್ತ ಸ್ಟಾರ್ಟಿಂಗ್ ಕರೆಂಟನ್ನೇ ಎಳೆಯುತ್ತ ಕೂರುತ್ತದೆ. ಓವರ್‌ಲೋಡ್ ಕಡಿಯದಿದ್ದರೆ ವೈಂಡಿಂಗ್ ಸುಡಲು ಹೆಚ್ಚು ಹೊತ್ತು ಬೇಡ.

ಅದೇ ದೂರಕ್ಕೆ 4 ಚದರ ಮಿ.ಮೀ. ತಾಮ್ರ ಹಾಕಿದರೆ ಕಿಲೋಮೀಟರಿಗೆ 4.61 ಓಮ್, ಒಟ್ಟು 0.92. ಓಡುವಾಗಿನ ಇಳಿತ ಆರೂವರೆ ವೋಲ್ಟ್, ಸ್ಟಾರ್ಟಿಂಗಿನಲ್ಲಿ ಮೋಟರಿಗೆ 202. ಅಲ್ಯೂಮಿನಿಯಂ ಕೇಬಲ್ಲಾದರೆ ರೋಧ ತಾಮ್ರದ ಸುಮಾರು 1.6 ಪಟ್ಟು, ಆದ್ದರಿಂದ 4ರ ಜಾಗಕ್ಕೆ ಕನಿಷ್ಠ 6 ಬೇಕು.

ಸ್ಟೆಬಿಲೈಜರ್ ಇಟ್ಟರೆ ಆಗದೇ? ಮೋಟರಿನ ಬಳಿ ಇಟ್ಟರೆ ಅದು ವೋಲ್ಟೇಜ್ ಎತ್ತಿಕೊಡಲು ಅದೇ ಸಣ್ಣ ಕೇಬಲ್ಲಿನಿಂದ ಇನ್ನಷ್ಟು ಕರೆಂಟ್ ಎಳೆಯುತ್ತದೆ, ಕೇಬಲ್ಲಿನ ಇಳಿತ ಇನ್ನೂ ಹೆಚ್ಚುತ್ತದೆ. ಮೊದಲು ಎರಡು ಕಡೆ ಅಳೆಯಿರಿ: ಮೋಟರ್ ಓಡುತ್ತಿರುವಾಗ ಮೇನ್ ಬೋರ್ಡಿನಲ್ಲಿ, ನಂತರ ಮೋಟರಿನ ಸ್ಟಾರ್ಟರ್ ಬಾಕ್ಸಿನಲ್ಲಿ. ಬೋರ್ಡಿನಲ್ಲಿ 228, ಬಾಕ್ಸಿನಲ್ಲಿ 205 ಇದ್ದರೆ ತಪ್ಪು ನಿಮ್ಮ ಕೇಬಲ್ಲಿನದು ಅಥವಾ ಗಂಟುಗಳದು. ಬೋರ್ಡಿನಲ್ಲೇ 180 ಇದ್ದರೆ ಎಷ್ಟು ದಪ್ಪ ಕೇಬಲ್ ಎಳೆದರೂ ಪ್ರಯೋಜನವಿಲ್ಲ, ಲೈನ್ ಅಥವಾ ಟಿಸಿಯ ಹೊರೆ ಸರಿಯಾಗಬೇಕು.

ದೂರಕ್ಕೆ ವಿದ್ಯುತ್ ಸಾಗಿಸುವಾಗ ವೋಲ್ಟೇಜ್ ಏರಿಸುವುದೂ ಇದೇ ಲೆಕ್ಕಕ್ಕೆ. ವೋಲ್ಟೇಜ್ ಹತ್ತು ಪಟ್ಟಾದರೆ ಅಷ್ಟೇ ಶಕ್ತಿಗೆ ಕರೆಂಟ್ ಹತ್ತನೇ ಒಂದು ಸಾಕು, ಅದೇ ತಂತಿಯಲ್ಲಿ ಶಾಖವಾಗಿ ಹೋಗುವ ನಷ್ಟ ನೂರನೇ ಒಂದು ಪಾಲಿಗೆ ಇಳಿಯುತ್ತದೆ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 150 ಕಿಲೋಮೀಟರ್ ವಿದ್ಯುತ್ ಹರಿಸಲು ಸಾಧ್ಯವಾದದ್ದು ಹತ್ತಾರು ಸಾವಿರ ವೋಲ್ಟಿಗೆ ಏರಿಸಿ ಕಳಿಸಿದ್ದರಿಂದ.

ಟೆಸ್ಟರ್ ಹೇಳುವ ಅರ್ಧ ಸತ್ಯ

ನಿಯಾನ್ ಟೆಸ್ಟರ್ ಒಳಗೆ ಲಕ್ಷಗಟ್ಟಲೆ ಓಮ್‌ನ ರೆಸಿಸ್ಟರ್ ಇರುತ್ತದೆ, ಇನ್ನೊಂದು ಬಿಂದು ನಿಮ್ಮ ಮೈ. ‘ಈ ತಂತಿಗೂ ನಿನಗೂ ಅಂತರ ಇದೆ’ ಎನ್ನುವುದಷ್ಟೇ ಅದರ ಸುದ್ದಿ. 150 ಇದೆಯೋ 230 ಇದೆಯೋ ಹೇಳಲಾರದು. ಒಣ ಮರದ ಸ್ಟೂಲಿನ ಮೇಲೆ ನಿಂತರೆ ಇರುವ ಫೇಸನ್ನೂ ಮಂಕಾಗಿ ತೋರಿಸೀತು.

ಮಲ್ಟಿಮೀಟರ್ ಇದಕ್ಕಿಂತ ಮೇಲು, ಆದರೆ ಅದೂ ಒಮ್ಮೊಮ್ಮೆ ಯಾಮಾರಿಸುತ್ತದೆ. ಅದರ ಒಳ ರೋಧ ಸಾಮಾನ್ಯವಾಗಿ ಒಂದು ಕೋಟಿ ಓಮ್. ಹಾಗಾಗಿ ಪೈಪಿನೊಳಗೆ ಫೇಸ್ ಪಕ್ಕದಲ್ಲೇ ಹೋಗುವ, ಯಾವುದಕ್ಕೂ ಜೋಡಿಸದ ತಂತಿಯಲ್ಲೂ 40, 80 ವೋಲ್ಟ್ ತೋರಿಸುತ್ತದೆ. ಹಳಬರು ಹೋಲ್ಡರಿಗೆ ಎರಡು ತಂತಿ ಕಟ್ಟಿದ 60 ವ್ಯಾಟಿನ ಫಿಲಮೆಂಟ್ ಬಲ್ಬನ್ನು ಜೊತೆಗೆ ಇಟ್ಟುಕೊಳ್ಳುವುದು ಸುಮ್ಮನೆ ಅಲ್ಲ. ಬಲ್ಬ್ ಸೇರಿಸಿದೊಡನೆ ಆ ಓದಿಕೆ ಸೊನ್ನೆಗೆ ಕುಸಿದರೆ ಅದು ಹುಸಿ ವೋಲ್ಟೇಜ್.

ಪ್ಲಗ್ಗಿನ ಮೂರು ತೂತಿನ ಮೂರು ಜೋಡಿಗಳನ್ನೂ ಎಸಿ ರೇಂಜಿನಲ್ಲಿ ಅಳೆಯಿರಿ. ಫೇಸ್‌–ನ್ಯೂಟ್ರಲ್ 230ರ ಆಸುಪಾಸು, ಫೇಸ್‌–ಅರ್ಥ್ ಹೆಚ್ಚುಕಡಿಮೆ ಅಷ್ಟೇ, ನ್ಯೂಟ್ರಲ್‌–ಅರ್ಥ್ ಎರಡು ಮೂರು ವೋಲ್ಟಿನೊಳಗೆ ಬರಬೇಕು. ಫೇಸ್‌–ಅರ್ಥ್ ತೀರ ಕಡಿಮೆ ಬಂದರೆ ಅರ್ಥಿಂಗ್ ಕಡಿದಿದೆ. ಗೀಸರ್ ಹಾಕಿದಾಗ ನ್ಯೂಟ್ರಲ್‌–ಅರ್ಥ್ ಹತ್ತು ದಾಟಿದರೆ ನ್ಯೂಟ್ರಲ್‌ನ ಯಾವುದೋ ಜೋಡಣೆ ಸಡಿಲವಾಗಿದೆ. ಅಳೆಯುವ ಮುನ್ನ ಕೆಂಪು ತಂತಿ 10 ಆಂಪಿಯರ್ ತೂತಿನಲ್ಲಿ ಉಳಿದಿಲ್ಲವೆಂದು ನೋಡಿಕೊಳ್ಳಿ. ಆ ತೂತಿನೊಳಗೆ ರೋಧವೇ ಇಲ್ಲದ ಹಾಗೆ, ಪ್ಲಗ್ಗಿಗೆ ತಾಗಿಸಿದರೆ ನೇರ ಶಾರ್ಟ್. ಮೀಟರಿನ ತುದಿ ಕೈಯಲ್ಲೇ ಸಿಡಿಯುತ್ತದೆ.

ತಂತಿಗೆ ಕೈ ಹಾಕುವ ಕೆಲಸವಿದ್ದರೆ ಮೇನ್ ಇಳಿಸಿದ ಮೇಲೂ ಮೂರು ಸಲ ಅಳೆಯಬೇಕು. ಮೊದಲು ಕರೆಂಟ್ ಇದೆ ಎಂದು ಖಾತ್ರಿ ಇರುವ ಕಡೆ ಮೀಟರ್ ಸರಿಯಾಗಿ ತೋರಿಸುತ್ತದೆಯೇ ನೋಡಿ. ಆಮೇಲೆ ಕೆಲಸ ಮಾಡುವ ಜಾಗದಲ್ಲಿ ಮೂರೂ ಜೋಡಿ ಸೊನ್ನೆಯೇ ಎಂದು ನೋಡಿ. ಕೊನೆಗೆ ಮತ್ತೆ ಕರೆಂಟ್ ಇರುವ ಕಡೆ ಹೋಗಿ ಅಳೆಯಿರಿ, ನಡುವೆ ಮೀಟರಿನ ಸೆಲ್ಲೋ ತಂತಿಯೋ ಹೋಗಿದ್ದರೆ ಆಗಲೇ ಗೊತ್ತಾಗುವುದು.